ಬಾಗಲಕೋಟೆಯ ಮನೆಗೆ ಬಾರ್ಡರ್ ಕೋಲಿ ನಾಯಿ ಆಗುತ್ತಾ?

ನಮಸ್ಕಾರ ಸರ್. ನವನಗರದಲ್ಲಿ ಮನೆ, ಇಬ್ಬರು ಸಣ್ಣ ಮಕ್ಕಳು, ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಬಾರ್ಡರ್ ಕೋಲಿ ತರಬಹುದಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಈಗಲೇ ಬೇಡ.

ಇದು ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಕುರಿ ಕಾಯುವ ತಳಿ. ಕುರಿ ಇಲ್ಲದಿದ್ದರೆ ನಿಮ್ಮ ಮಕ್ಕಳೇ ಅದಕ್ಕೆ ಕುರಿ! ಅವರು ಅಂಗಳದಲ್ಲಿ ಓಡಿದರೆ ಸಾಕು, ತಲೆ ತಗ್ಗಿಸಿ, ಕಣ್ಣು ಕೀಳದೆ ನೋಡುತ್ತಾ ಬೆನ್ನು ಹತ್ತುತ್ತದೆ. ಹಿಮ್ಮಡಿಗೆ ಹಲ್ಲು ತಾಗಿಸುವುದೂ ಉಂಟು. ಸಿಟ್ಟಲ್ಲ, ಹುಟ್ಟುಗುಣ. ಓಡಾಟಕ್ಕೆ ದಿನಕ್ಕೆ ಒಂದೂವರೆ-ಎರಡು ತಾಸಾದರೂ ಬೇಕು. ತಲೆಗೂ ಕೆಲಸ ಬೇಕು: ಬಚ್ಚಿಟ್ಟ ಚೆಂಡು ಹುಡುಕಿಸುವುದು, ಹೊಸದೇನಾದರೂ ಕಲಿಸುವುದು. ಸುಮ್ನೆ ಕಟ್ಟಿಹಾಕಿದರೆ ಬೊಗಳಿ ಬೊಗಳಿ ಓಣಿ ಎಬ್ಬಿಸುತ್ತದೆ.

ಜೊತೆಗೆ ಮೈತುಂಬ ಎರಡು ಪದರದ ಕೂದಲು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಲ್ವಾ? ಆಗ ನಸುಕಿನಲ್ಲಿ, ಇಲ್ಲಾ ಹೊತ್ತು ಮುಳುಗಿದ ಮೇಲೇ ಓಡಿಸಬೇಕು. ಸೆಕೆ ಅಂತ ಬೋಳಿಸಬೇಡಿ, ಚರ್ಮ ಬಿಸಿಲಿಗೆ ಸುಡುತ್ತದೆ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಮುಧೋಳ ನಾಯಿ ತನ್ನಿ ಅಂದಿದ್ದಾರೆ. ಬಿಸಿಲಿಗೇನೋ ಒಗ್ಗಿದ್ದು. ಆದರೆ ಅದು ಬೇಟೆ ನಾಯಿ, ಬೆಕ್ಕು ಕಂಡರೆ ನಿಲ್ಲುವುದಿಲ್ಲ. ಕಾಂಪೌಂಡ್ ಎತ್ತರ ಇದ್ದರೆ ವಿಚಾರ ಮಾಡಿ. ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.