ಲ್ಯುಬ್ಲಿಯಾನಾದಲ್ಲಿ ಎರಡು ದಿನ ಕಳೆಯುವಷ್ಟು ಏನಿದೆ?

ವಿಯೆನ್ನಾದಿಂದ ವೆನಿಸ್‌ಗೆ ಹೋಗುವ ದಾರಿಯಲ್ಲಿ ಎರಡು ದಿನ ಕೈಯಲ್ಲಿದೆ, ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದಲ್ಲಿ ಇಳಿಯೋದು ದಂಡವಾ, ಸೀದಾ ಬ್ಲೆಡ್ ಸರೋವರಕ್ಕೆ ಹೋಗಿಬಿಡೋದು ವಾಸಿಯಾ ಅಂತ ಕೇಳಿದ್ದೀರಿ. ಇಳಿಯಿರಿ. ಕೆಲಸದ ಮೇಲೆ ಅಲ್ಲಿ ಒಂದೂವರೆ ವರ್ಷ ಇದ್ದವನು ನಾನು.

ಮೊದಲ ಸಲ ಹೋದಾಗ ನನಗೂ ಆ ಊರು ಹಿಡಿಸಿರಲಿಲ್ಲ. ಬಸ್ ಬದಲಿಸುವ ಮಧ್ಯೆ ಮೂರು ಗಂಟೆ ಸಿಕ್ಕಿತ್ತು. ಕೋಟೆ ಹತ್ತಿದರೆ ಆಲ್ಪ್ಸ್ ಕಾಣುತ್ತದೆ ಅಂತ ಎಲ್ಲೋ ಓದಿದ್ದೆ. ನವೆಂಬರ್ ತಿಂಗಳು, ಏದುಸಿರು ಬಿಡುತ್ತಾ ಹತ್ತಿದೆ. ಮೇಲೆ ಹೋದರೆ ಬರೀ ಮಂಜು. ಆಲ್ಪ್ಸ್ ಇರಲಿ, ಕೆಳಗಿನ ನದಿಯೂ ಕಾಣಲಿಲ್ಲ. ಚಳಿಗಾಲದ ಬೆಳಗ್ಗೆ ಆ ಊರಿನ ಹಣೆಬರಹವೇ ಅಷ್ಟು ಅಂತ ಆಮೇಲೆ ಗೊತ್ತಾಯಿತು. ಅದಕ್ಕೇ ಹೇಳುತ್ತೇನೆ, ಕೋಟೆಯಿಂದ ಶುರು ಮಾಡಬೇಡಿ. ಸಂಜೆ ಬಿಸಿಲಿದ್ದರೆ ಕೇಬಲ್ ರೈಲಿನಲ್ಲಿ ಹತ್ತಿ ನೋಡಿ ಬನ್ನಿ, ಸಾಕು.

ಪ್ರೆಶೆರೆನ್ ಚೌಕದಿಂದ ಶುರು ಮಾಡಿ. ಯುರೋಪಿನ ಎಷ್ಟೋ ರಾಜಧಾನಿಗಳಲ್ಲಿ ಮುಖ್ಯ ಚೌಕ ಅಂದರೆ ಕುದುರೆ ಮೇಲೆ ಕೂತ ರಾಜನೋ ಸೇನಾಪತಿಯೋ ಇರುತ್ತಾನೆ, ಅಲ್ವಾ? ಇಲ್ಲಿ ಒಬ್ಬ ಕವಿ ನಿಂತಿದ್ದಾನೆ. ಫ್ರಾನ್ಸೆ ಪ್ರೆಶೆರೆನ್, 1800ರಲ್ಲಿ ಹುಟ್ಟಿ 1849ರಲ್ಲಿ ತೀರಿಕೊಂಡವನು. ವೃತ್ತಿಯಿಂದ ವಕೀಲ. ಯೂಲಿಯಾ ಪ್ರಿಮಿಟ್ಸ್ ಅನ್ನುವ ಶ್ರೀಮಂತ ವ್ಯಾಪಾರಿಯ ಮಗಳ ಮೇಲೆ ಮನಸ್ಸಾಯಿತು. ಅವಳಿಗಾಗಿ ಹದಿನೈದು ಸಾನೆಟ್‌ಗಳ, ಅಂದರೆ ಹದಿನಾಲ್ಕು ಸಾಲಿನ ಪದ್ಯಗಳ, ಮಾಲೆ ಕಟ್ಟಿದ. ಹದಿನಾಲ್ಕು ಸಾನೆಟ್‌ಗಳ ಮೊದಲ ಸಾಲುಗಳನ್ನು ಜೋಡಿಸಿದರೆ ಹದಿನೈದನೆಯದು ಆಗುತ್ತದೆ. ಆ ಹದಿನೈದನೆಯದರ ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿಂದ ಕೆಳಗೆ ಓದಿದರೆ 'ಪ್ರಿಮಿಟ್ಸ್ ಮನೆಯ ಯೂಲಿಯಾಗೆ' ಅಂತ ಬರುತ್ತದೆ! 1834ರಲ್ಲಿ ಇದು ಅಚ್ಚಾದಾಗ ಊರೆಲ್ಲ ಗುಲ್ಲೋ ಗುಲ್ಲು. ಹುಡುಗಿ ಒಲಿಯಲಿಲ್ಲ, ಬೇರೆ ಮದುವೆಯಾದಳು.

ಈಗ ಪ್ರತಿಮೆಯ ಪಕ್ಕ ನಿಂತು ಕವಿ ಎಲ್ಲಿ ನೋಡುತ್ತಿದ್ದಾನೆ ಅಂತ ಗಮನಿಸಿ. ಎದುರಿನ ವೊಲ್ಫೊವಾ ಬೀದಿಯ ಒಂದು ಹಳದಿ ಮನೆಯ ಗೋಡೆ ಮೇಲೆ ಕಿಟಕಿಯಂಥದ್ದೊಂದಿದೆ. ಅದರೊಳಗಿಂದ ಯೂಲಿಯಾಳ ಶಿಲ್ಪ ಇಣುಕುತ್ತಿದೆ. ಬದುಕಿದ್ದಾಗ ತಿರುಗಿ ನೋಡದವಳು ಈಗ ಹಗಲು ರಾತ್ರಿ ನೋಡುತ್ತಿದ್ದಾಳೆ. ಇನ್ನು ಪ್ರತಿಮೆಯಲ್ಲಿ ಕವಿಯ ತಲೆಯ ಮೇಲಿರುವ ಕಾವ್ಯದೇವತೆ ಅರೆಬೆತ್ತಲೆ. ಪಕ್ಕದಲ್ಲೇ ಗುಲಾಬಿ ಬಣ್ಣದ ಚರ್ಚು. 1905ರಲ್ಲಿ ಪ್ರತಿಮೆ ನಿಂತಾಗ ಇದಕ್ಕೂ ದೊಡ್ಡ ರಗಳೆ ಆಗಿ, ಚರ್ಚಿಗೆ ಕಾಣದ ಹಾಗೆ ಮರ ನೆಟ್ಟರು.

ಈ ಕವಿ ಸತ್ತ ದಿನ, ಫೆಬ್ರವರಿ 8, ದೇಶಕ್ಕೆಲ್ಲ ಸರ್ಕಾರಿ ರಜೆ. ಅವನೇ ಬರೆದ ಪದ್ಯದ ಏಳನೇ ನುಡಿ ಅವರ ರಾಷ್ಟ್ರಗೀತೆ. ಅದರಲ್ಲಿ ಯುದ್ಧ, ಜಯಘೋಷ ಒಂದೂ ಇಲ್ಲ. ನೆರೆಯವನು ದೆವ್ವವಾಗದೆ ಬರೀ ನೆರೆಯವನಾಗಿರುವ ದಿನ ಬರಲಿ ಅಂತ ಹಾರೈಸುತ್ತದೆ. ಶತಮಾನಗಳ ಕಾಲ ಆಸ್ಟ್ರಿಯಾದ ಆಳ್ವಿಕೆ, ಆಮೇಲೆ ಯುಗೊಸ್ಲಾವಿಯಾ, 1991ರಲ್ಲಿ ಹತ್ತು ದಿನದ ಯುದ್ಧ ಮಾಡಿ ಸ್ವಂತ ದೇಶ. ಅಲ್ಲಿಯವರೆಗೆ ಇವರನ್ನು ಒಂದಾಗಿ ಹಿಡಿದದ್ದು ಹೆಚ್ಚಾಗಿ ಭಾಷೆಯೇ. ಅಂದ ಹಾಗೆ, ಆ ಭಾಷೆಯಲ್ಲಿ ಇವತ್ತಿಗೂ ದ್ವಿವಚನ ಇದೆ. ಶಾಲೆಯಲ್ಲಿ ಸಂಸ್ಕೃತ ತಗೊಂಡು 'ರಾಮಃ ರಾಮೌ ರಾಮಾಃ' ಉರು ಹೊಡೆದವರಿಗೆ ಅರ್ಥವಾಗುತ್ತದೆ. ಗಂಡ ಹೆಂಡತಿ ಹೋಟೆಲಿಗೆ ಹೋಗಿ 'ನಮಗೆ ಕಾಫಿ' ಅನ್ನುವುದಕ್ಕೂ ಮೂವರು ಹೋಗಿ ಅನ್ನುವುದಕ್ಕೂ ರೂಪವೇ ಬೇರೆ. ನಾನು ಕಲಿಯಲು ಹೋಗಿ ಕೈಚೆಲ್ಲಿದ್ದು ಅಲ್ಲೇ.

ಚೌಕದ ಮುಂದೆಯೇ ಮೂರು ಸೇತುವೆ ಅಕ್ಕಪಕ್ಕ ಇವೆ, ಬೀಸಣಿಗೆ ಬಿಚ್ಚಿದ ಹಾಗೆ. ನಡುವಿನದು 1842ರದು. ಓಡಾಟಕ್ಕೆ ಸಾಲದಾದಾಗ ಅದನ್ನು ಕೆಡವದೆ, ಎರಡೂ ಕಡೆ ನಡೆಯುವವರಿಗೆ ಒಂದೊಂದು ಸೇತುವೆ ಸೇರಿಸಿದವನು ವಾಸ್ತುಶಿಲ್ಪಿ ಯೋಝೆ ಪ್ಲೆಚ್ನಿಕ್. 1932ಕ್ಕೆ ಕೆಲಸ ಮುಗಿಯಿತು. ಈ ಊರನ್ನು ನೋಡೋದು ಅಂದರೆ ಮುಕ್ಕಾಲು ಪಾಲು ಪ್ಲೆಚ್ನಿಕ್‌ನನ್ನು ನೋಡೋದು. ವಿಯೆನ್ನಾದಲ್ಲಿ ಕಲಿತ, ಪ್ರಾಗ್‌ನ ಅರಮನೆ ತಿದ್ದಿದ, ಆಮೇಲೆ ಊರಿಗೆ ವಾಪಸ್ ಬಂದ. ದುಡ್ಡಿಲ್ಲದ ಊರು. ಇದ್ದದ್ದನ್ನೇ ಸರಿಮಾಡಿದ: ನದಿದಂಡೆ, ಮಾರುಕಟ್ಟೆಯ ಕಂಬಸಾಲು, ಸ್ಮಶಾನದ ಹೆಬ್ಬಾಗಿಲು, ಎಲ್ಲ. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಇದೇ ಕೆಲಸಗಳು.

ಅವನ ರಾಷ್ಟ್ರೀಯ ಗ್ರಂಥಾಲಯವನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿ ಮೊದಲು ಒಂದು ಅರಮನೆ ಇತ್ತು, 1895ರ ಭೂಕಂಪದಲ್ಲಿ ಹಾಳಾಯಿತು. ಹೊರಗೋಡೆಯಲ್ಲಿ ಕೆಂಪು ಇಟ್ಟಿಗೆ ಮಧ್ಯೆ ಉಬ್ಬುಬ್ಬಾಗಿ ಕೂತ ಕಲ್ಲುಗಳಲ್ಲಿ ಕೆಲವು ಆ ಅರಮನೆಯವೇ. ಬಾಗಿಲ ಹಿಡಿ ಹಿಡಿದಾಗ ನೋಡಿ, ಕಂಚಿನ ಕುದುರೆ ತಲೆ. ಒಳಗೆ ಕಾಲಿಟ್ಟರೆ ಅರೆಗತ್ತಲು, ಕಪ್ಪು ಕಲ್ಲಿನ ಮೆಟ್ಟಿಲು, ಮೇಲೆ 32 ಕಂಬ. ಹತ್ತುತ್ತಾ ಹೋದ ಹಾಗೆ ಬೆಳಕು ಜಾಸ್ತಿಯಾಗುತ್ತದೆ. ಅಜ್ಞಾನದಿಂದ ಜ್ಞಾನಕ್ಕೆ ಅಂತ ಅವನ ಲೆಕ್ಕ. ಕೇಳಿದಾಗ ಸ್ವಲ್ಪ ಅತಿ ಅನ್ನಿಸಿತ್ತು, ಹತ್ತಿದ ಮೇಲೆ ಸುಮ್ನಾದೆ.

1901ರ ಡ್ರ್ಯಾಗನ್ ಸೇತುವೆ ಹೇಗೂ ಕಣ್ಣಿಗೆ ಬೀಳುತ್ತದೆ, ಫೋಟೋ ತೆಗೆದು ಮುಂದೆ ಹೋಗಿ. ಸಂಜೆಗೆ ಮೆಟೆಲ್ಕೊವಾ. ಯುಗೊಸ್ಲಾವ್ ಸೈನ್ಯ ಖಾಲಿ ಮಾಡಿದ ಬ್ಯಾರಕ್‌ಗಳಿಗೆ 1993ರಲ್ಲಿ ಕಲಾವಿದರು ನುಗ್ಗಿ ಅಲ್ಲೇ ಉಳಿದುಬಿಟ್ಟರು. ಗೋಡೆ ತುಂಬ ಚಿತ್ರ, ರಾತ್ರಿ ಸಂಗೀತ. ಹಳೇ ಸೈನಿಕ ಜೈಲು ಈಗ ಹಾಸ್ಟೆಲ್, ಬೇಕಿದ್ದರೆ ಸೆಲ್‌ನಲ್ಲೇ ಮಲಗಬಹುದು.

ಸಮಯ ಉಳಿದರೆ ಪ್ರವಾಸಿಗರು ಹೆಚ್ಚು ಹೋಗದ ಒಂದು ಜಾಗ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಊರನ್ನು ಆಕ್ರಮಿಸಿದ್ದ ಇಟಲಿಯ ಸೈನ್ಯ 1942ರ ಫೆಬ್ರವರಿಯಲ್ಲಿ ಈ ಇಡೀ ಊರಿನ ಸುತ್ತ ಮುಳ್ಳುತಂತಿ ಬೇಲಿ ಹಾಕಿತು, ಒಳಗಿನವರಿಗೂ ಹೊರಗಿನ ಪ್ರತಿರೋಧ ಹೋರಾಟಗಾರರಿಗೂ ಸಂಪರ್ಕ ಇರಬಾರದು ಅಂತ. ಮೂರು ವರ್ಷ ದಾಟಿದ ಮೇಲೆ, 1945ರ ಮೇ ತಿಂಗಳಲ್ಲಿ ಅದು ಹೋಯಿತು. ಬೇಲಿ ಇದ್ದ ಜಾಗದಲ್ಲಿ ಈಗ ಜಲ್ಲಿ ಹಾಕಿದ ಕಾಲುದಾರಿ, ಎರಡೂ ಕಡೆ ಮರ, ಉದ್ದ 30 ಕಿ.ಮೀ.ಗೂ ಜಾಸ್ತಿ. ಪ್ರತಿ ಮೇ ತಿಂಗಳಲ್ಲಿ ಸಾವಿರಾರು ಜನ ಪೂರ್ತಿ ಸುತ್ತು ನಡೆಯುತ್ತಾರೆ. ನನ್ನ ಮನೆ ಹಿಂದೆಯೇ ಈ ದಾರಿ ಇತ್ತು. ಎಂಟು ತಿಂಗಳು ಅದು ಬರೀ ವಾಕಿಂಗ್ ಟ್ರ್ಯಾಕ್ ಅಂದುಕೊಂಡು ಓಡಿದ್ದೆ. ಪಕ್ಕದ ಮನೆಯ ಅಜ್ಜಿ ಒಂದು ದಿನ ಕಲ್ಲುಕಂಬ ತೋರಿಸಿ 'ಇಲ್ಲಿ ಬಂಕರ್ ಇತ್ತು' ಅಂದರು.

ಊಟದ ಚಿಂತೆ ಬೇಡ. ಸಸ್ಯಾಹಾರಿಗಳಾದರೆ ಶ್ಟ್ರುಕ್ಲಿ ಕೇಳಿ, ಹಿಟ್ಟಿನ ಸುರುಳಿಯೊಳಗೆ ಚೀಸ್ ತುಂಬಿ ಬೇಯಿಸಿದ್ದು. ಬುರೆಕ್ ಅಂದರೆ ತೆಳು ಹಿಟ್ಟಿನ ಪದರಗಳೊಳಗೆ ಹೂರಣ ತುಂಬಿ ಬೇಯಿಸಿದ ತಿಂಡಿ, ಅದನ್ನು ತಗೊಳ್ಳುವಾಗ 'ಸಿರೊವ್' ಅನ್ನಿ, ಚೀಸ್‌ನದು ಕೊಡುತ್ತಾರೆ. 'ಮೆಸ್ನಿ' ಅಂದರೆ ಮಾಂಸ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ, ಬಾಟಲಿಗೆ ದುಡ್ಡು ಹಾಕಬೇಡಿ. ಊರ ನಡುಭಾಗಕ್ಕೆ ಕಾರು ಬಿಡುವುದಿಲ್ಲ, ನಡೆದಾಡಲು ಒಳ್ಳೆ ಬೂಟು ಇರಲಿ.

ಬ್ಲೆಡ್ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಎರಡನೇ ದಿನ ಬೆಳಗ್ಗೆ ಹೋಗಿ ಸಂಜೆಗೆ ಬಂದುಬಿಡಿ. ನಿಮ್ಮ ಎರಡು ದಿನದಲ್ಲಿ ಭಾನುವಾರ ಬರುತ್ತದಾ ನೋಡಿಕೊಳ್ಳಿ. ಅವತ್ತು ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಮೊಸರು ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಿ.