ಹನೋಫರಿನವರು ಹನೋಫರರ್ ಅಲ್ಲ

ಕಳೆದ ಸಂಚಿಕೆಯಲ್ಲಿ ಜರ್ಮನಿಯ ಹನೋಫರ್ ಪಟ್ಟಣದವರನ್ನು ನಾವು ‘ಹನೊವರಾನರ್’ ಎಂದು ಅಚ್ಚು ಹಾಕಿದ್ದು ತಪ್ಪೆಂದು ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ. ಬರ್ಲಿನ್ನಿನವನು ಬರ್ಲಿನರ್ ಆಗುವಂತೆ, ಊರ ಹೆಸರಿಗೆ ‘ಅರ್’ ಹಚ್ಚಿದರೆ ಸಾಕು. ಇಷ್ಟು ಸರಳ ನಿಯಮವನ್ನು ಸಂಪಾದಕರೇ ಕೆಡಿಸಬೇಕೆ ಎಂಬುದು ಅವರ ಪ್ರಶ್ನೆ.

ನಿಯಮವೇನೋ ನಿಜ, ಹೆಚ್ಚಿನ ಊರುಗಳಿಗೆ ಅದು ಸಲ್ಲುತ್ತದೆ. ಆದರೆ ಮಾನ್ಯರೇ, ತಮ್ಮನ್ನು ಏನೆಂದು ಕರೆದುಕೊಳ್ಳಬೇಕೆಂದು ಊರಿನವರು ವ್ಯಾಕರಣದ ಪುಸ್ತಕವನ್ನು ಕೇಳಿ ತೀರ್ಮಾನಿಸುವುದಿಲ್ಲ. ಮ್ಯೂನ್‌ಸ್ಟರಿನವರು ಮ್ಯೂನ್‌ಸ್ಟರಾನರ್. ಜಾಲೆ ನದಿಯ ದಂಡೆಯ ಹಾಲೆ ಪಟ್ಟಣದವರು ಹಾಲೆನ್ಸರ್. ಅಲ್ಲಿಯೇ ಉಪ್ಪು ಕಾಯಿಸುತ್ತಿದ್ದವರಿಗೆ ಹಾಲೋರೆನ್ ಎಂಬ ಬೇರೆಯೇ ಹೆಸರು. ಕಾಸೆಲ್‌ನವರ ಲೆಕ್ಕವಂತೂ ಇನ್ನೂ ಸೊಗಸು: ಹೊರಗಿನಿಂದ ಬಂದು ನೆಲೆಸಿದವನು ಕಾಸೆಲರ್, ಅಲ್ಲಿಯೇ ಹುಟ್ಟಿದವನು ಕಾಸೆಲಾನರ್, ತಂದೆತಾಯಿಯರೂ ಅಲ್ಲಿಯೇ ಹುಟ್ಟಿದ್ದರೆ ಮಾತ್ರ ಕಾಸೆಲೇನರ್. ಒಂದು ಸ್ವರದ ವ್ಯತ್ಯಾಸದಲ್ಲಿ ಒಂದು ತಲೆಮಾರೇ ಕುಳಿತಿದೆ!

ಮನೆತನದ ಅಡ್ಡಹೆಸರುಗಳಲ್ಲಿ ತಮ್ಮ ‘ಅರ್’ ಧಾರಾಳವಾಗಿ ಸಿಗುತ್ತದೆ. ಆದರೆ ಬಾಂಬೆರ್ಗಿನಲ್ಲಿ ಎಲ್ಲರೂ ಬಾಂಬೆರ್ಗರ್ ಆಗಿರುವಾಗ ಒಬ್ಬನನ್ನು ಹಾಗೆ ಕರೆದು ಗುರುತಿಸುವುದೆಂತು? ಅದು ಊರು ಬಿಟ್ಟವನಿಗೆ ಹೊಸ ಊರಿನಲ್ಲಿ ಅಂಟಿಕೊಳ್ಳುವ ಹೆಸರು. ಪಶ್ಚಿಮ ಜರ್ಮನಿಯ ಚಾನ್ಸಲರ್ ಆಗಿದ್ದ ಕೊನ್ರಾಡ್ ಆಡೆನೌವರ್ ಹುಟ್ಟಿದ್ದು ಕೋಲ್ನ್‌ನಲ್ಲಿ. ಹೆಸರಿನಲ್ಲಿರುವ ಆಡೆನೌ ಐಫೆಲ್ ಗುಡ್ಡಗಳ ನಡುವಿನ ಊರು. ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಹೆನ್ರಿ ಕಿಸಿಂಜರ್ ಅವರ ಮುತ್ತಜ್ಜನ ತಂದೆ ಮೇಯರ್ ಲೋಬ್, 1817ರಲ್ಲಿ ಬವೇರಿಯಾದ ಕಿಸಿಂಗೆನ್ ಊರಿನಿಂದ ತಮ್ಮ ಅಡ್ಡಹೆಸರನ್ನು ಮಾಡಿಕೊಂಡರು. ಆದರೆ ಇಂಗ್ಲಿಷಿನ ದಾರಿ ಹಿಡಿದು ಬಂದ ನಮ್ಮ ‘ಕಿಸಿಂಜರ್’ನಲ್ಲಿ ಆ ಕಿಸಿಂಗೆನ್ ಯಾರ ಕಣ್ಣಿಗಾದರೂ ಬೀಳುತ್ತದೆಯೆ?

ನನ್ನ ಹಳೆಯ ಸಂಕಟ ಇದೇ. ಯುರೋಪಿನ ಊರುಗಳ ಹೆಸರನ್ನೆಲ್ಲ ನಾವು ಇಂಗ್ಲಿಷರ ಬಾಯಿಂದ ಕೇಳಿಯೇ ಬರೆಯುತ್ತೇವೆ. ವೀನ್ ಪಟ್ಟಣವನ್ನು ವಿಯೆನ್ನಾ ಮಾಡಿಟ್ಟ ಮೇಲೆ ಅಲ್ಲಿನವನು ವೀನರ್ ಏಕಾದನೆಂದು ಯಾರಿಗೆ ಹೊಳೆದೀತು? ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದಾಗ, ಕಿಟೆಲರ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದ ಮಿಷನ್ನಿನ ಜರ್ಮನ್ ಹೆಸರು ‘ಬಾಸ್ಲರ್ ಮಿಷನ್’ ಎಂದು ಬರೆದಿದ್ದೆ. ಹಿರಿಯರೊಬ್ಬರು ಅದನ್ನು ಅಚ್ಚಿನ ದೋಷವೆಂದೇ ತಿಳಿದು ‘ಬಾಸೆಲ್’ ಎಂದು ತಿದ್ದಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರು ಬಾಸ್ಲರ್ ಆಗುವಾಗ ಬಿದ್ದುಹೋದದ್ದು ಅಚ್ಚುಮೊಳೆಯಲ್ಲ, ಅಲ್ಲಿನವರ ನಾಲಿಗೆ ನುಂಗಿದ ಸ್ವರ ಎಂದು ಹೇಳಲು ಆಗ ನನಗೆ ಧೈರ್ಯ ಸಾಲಲಿಲ್ಲ.

ಹನೋಫರಿನ ಫಕಾರ ಹನೊವರಾನರ್‌ನಲ್ಲಿ ವಕಾರವಾದದ್ದನ್ನು ತಾವು ಎರಡನೆಯ ತಪ್ಪೆಂದು ಎಣಿಸಿದ್ದೀರಿ. ಅಷ್ಟು ಎಚ್ಚರದಿಂದ ಓದುವವರು ನಮಗಿರುವುದು ನಮ್ಮ ಭಾಗ್ಯ. ಆದರೆ ಆ ವಕಾರವೂ ಹನೋಫರಿನವರ ಉಚ್ಚಾರಣೆಯದೇ. ಮುಂದಿನ ಸಂಚಿಕೆಯಲ್ಲೂ ಹನೊವರಾನರ್ ಎಂದೇ ಅಚ್ಚಾಗುತ್ತದೆ.