ಇಟಿ 45ರ ಬದಲು ಇಟಿ 35 ಅಲಾಯ್ ಹಾಕಿದರೆ ವೀಲ್ ಬೇರಿಂಗ್ ಬೇಗ ಹೋಗುತ್ತದೆಯೇ?

ನಿಮ್ಮ ಸಣ್ಣ ಕಾರಿನಲ್ಲಿ ಈಗಿರುವುದು ಐದೂವರೆ ಇಂಚು ಅಗಲದ, ಇಟಿ 45 ರಿಮ್. ಹಾಕಿಸಬೇಕೆಂದಿರುವುದು 7 ಇಂಚು ಅಗಲದ, ಇಟಿ 35 ಅಲಾಯ್. ಅಂಗಡಿಯವರು ಅದರ ಜೊತೆಗೆ 15 ಮಿ.ಮೀ. ಸ್ಪೇಸರನ್ನೂ (ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ) ಹೇಳಿದ್ದಾರೆ. ಆಗುಂಬೆ ಘಾಟಿಯಲ್ಲಿ ಓಡಾಡುವ ನಿಮಗೆ ಬೇರಿಂಗ್ ಚಿಂತೆ. ತೀರ್ಥಹಳ್ಳಿಯಲ್ಲಿ ಗ್ಯಾರೇಜ್ ನಡೆಸುವ ನಾನು ಅಲಾಯ್‌ಗೆ ಅಡ್ಡ ಹೇಳುವುದಿಲ್ಲ. ಸ್ಪೇಸರ್ ಮಾತ್ರ ಬೇಡವೇ ಬೇಡ.

ರಿಮ್‌ನ ನಡುಗೆರೆಯಿಂದ ಅದು ಹಬ್‌ಗೆ (ಚಕ್ರ ಬಿಗಿಯುವ ನಡುಭಾಗ) ಕೂರುವ ಮುಖದವರೆಗಿನ ಅಂತರವೇ ಆಫ್‌ಸೆಟ್. ಇಟಿ ಅಂಕಿ ಅದನ್ನೇ ಮಿ.ಮೀ.ನಲ್ಲಿ ಹೇಳುತ್ತದೆ, ಅಂಕಿ ಇಳಿದಷ್ಟೂ ಚಕ್ರ ಹೊರಗೆ. ಹೊಸ ರಿಮ್‌ನ ಹೊರ ಅಂಚು ಸುಮಾರು 29 ಮಿ.ಮೀ. ಆಚೆ ಬರುತ್ತದೆ, ನೋಡಿದವರಿಗೆ ಗಾಬರಿಯಾಗುವುದು ಸಹಜ. ಅದರಲ್ಲಿ 19 ಮಿ.ಮೀ. ಬರೀ ಅಗಲದ್ದು. ಒಳ ಅಂಚೂ ಸಸ್ಪೆನ್ಷನ್ ಕಡೆಗೆ 9 ಮಿ.ಮೀ. ಸರಿಯುತ್ತದೆ. ಬೇರಿಂಗ್‌ಗೆ ಲೆಕ್ಕವಾಗುವುದು ನಡುಗೆರೆ ಎಷ್ಟು ಸರಿಯಿತು ಎಂಬುದು. ಅದು 10 ಮಿ.ಮೀ. ಮಾತ್ರ.

ಬೇರಿಂಗ್‌ನೊಳಗೆ ಎರಡು ಸಾಲು ಗುಂಡುಗಳಿರುತ್ತವೆ. ಕಾರಿನ ಭಾರ ಆ ಎರಡರ ನಡುವೆ ಬೀಳುವಂತೆ ಕಂಪನಿಯವರು ಆಫ್‌ಸೆಟ್ ಗೊತ್ತು ಮಾಡಿರುತ್ತಾರೆ. ಚಕ್ರ ಹೊರಗೆ ಹೋದಷ್ಟೂ ಹೊರಸಾಲಿನ ಪಾಲು ಹೆಚ್ಚುತ್ತದೆ. ಗುಂಡಿನ ಬೇರಿಂಗ್‌ನ ಮೇಲೆ ಭಾರ ಶೇ. 10ರಷ್ಟು ಏರಿದರೂ ಲೆಕ್ಕದ ಪ್ರಕಾರ ಆಯಸ್ಸಿನಲ್ಲಿ ಸುಮಾರು ಕಾಲುಭಾಗ ಹೋಗುತ್ತದೆ. ಆದರೂ 10 ಮಿ.ಮೀ.ಗೆ ಹೆದರಬೇಕಿಲ್ಲ. ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಟೈರ್ ನೆಲ ಕಚ್ಚಿದಾಗ ಬರುವ ಅಡ್ಡಬಲ, ಚಕ್ರದ ತ್ರಿಜ್ಯದಷ್ಟು, ಅಂದರೆ ಸುಮಾರು 30 ಸೆಂ.ಮೀ. ಉದ್ದದ ಸನ್ನೆಯಂತೆ ಬೇರಿಂಗನ್ನು ತಿರುಚುತ್ತದೆ. ಬೇರಿಂಗ್ ಅದನ್ನೂ ತಡೆಯುವಂತೆಯೇ ಮಾಡಿದ್ದು.

ಸ್ಪೇಸರ್ ಸೇರಿದರೆ ಸರಿತ 25 ಮಿ.ಮೀ. ಆಗುತ್ತದೆ. ರಸ್ತೆಯ ಗುಂಡಿಗೆ ಬಿದ್ದಾಗಲೆಲ್ಲ ಪೆಟ್ಟು ಅಷ್ಟು ದೂರದಿಂದ ಬೀಳುತ್ತದೆ, ಸ್ಟೀರಿಂಗ್ ಕೈಯಲ್ಲಿ ಎಳೆಯತೊಡಗುತ್ತದೆ. ಅದಕ್ಕಿಂತ ಕೆಟ್ಟದ್ದು ಹಬ್‌ನಲ್ಲಿ ಆಗುವುದು. ರಿಮ್‌ನ ನಡುತೂತು ಹಬ್‌ನ ಕಂಠದ ಮೇಲೆ ಬಿಗಿಯಾಗಿ ಕೂರಬೇಕು. ಅಗ್ಗದ ಸ್ಪೇಸರ್ ಆ ಕಂಠವನ್ನೇ ನುಂಗಿಬಿಡುತ್ತದೆ. ನಟ್‌ಗೆ ಹಿಡಿಯಲು ನಾಲ್ಕೈದು ಎಳೆ ಸಿಕ್ಕಿದರೆ ಪುಣ್ಯ. ಅಲಾಯ್‌ನ ತೂತು ದೊಡ್ಡದಿದ್ದರೆ ಆ ಸಂದು ತುಂಬುವ, ಸರಿಯಾದ ಅಳತೆಯ ಹಬ್ ರಿಂಗ್ ಕೇಳಿ ಹಾಕಿಸಿಕೊಳ್ಳಿ.

ನಮ್ಮ ಕಡೆ ಬೇರಿಂಗ್ ತಿನ್ನುವುದು ಆಫ್‌ಸೆಟ್‌ಗಿಂತ ಹೆಚ್ಚಾಗಿ ನೀರು. ಘಾಟಿ ಇಳಿದು ಬಿಸಿಯಾದ ಹಬ್ ತುಂಬಿದ ಹಳ್ಳಕ್ಕೆ ಇಳಿದರೆ, ಒಳಗಿನ ಗಾಳಿ ತಣಿದು ಕುಗ್ಗಿ, ಸವೆದ ಸೀಲ್ ಮೂಲಕ ಕೆಸರುನೀರನ್ನು ಎಳೆದುಕೊಳ್ಳುತ್ತದೆ. ಬಿಚ್ಚಿದರೆ ಗ್ರೀಸ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅಲಾಯ್ ಹಾಕಿಸಿದ ವರ್ಷವೇ ಹೀಗಾದರೆ ಪಾಪ, ಅಲಾಯ್‌ಗೇ ಕೆಟ್ಟ ಹೆಸರು.

ಹೊಸ ರಿಮ್ ಹಾಕಿಸುವ ಮೊದಲೇ ಹಳೆಯ ಬೇರಿಂಗ್ ನೋಡಿಸಿ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಡಿ. ಬೆರಳಿಗೆ ಮರಳು ಉಜ್ಜಿದಂತಾದರೆ ಬೇರಿಂಗ್ ಮುಗಿದಿದೆ. ಓಡಿಸುವಾಗ ಎಡಕ್ಕೆ ತಿರುಗಿದಾಗ ಗುಂಯ್ ಸದ್ದು ಜೋರಾದರೆ ಅನುಮಾನ ಬಲಚಕ್ರದ ಮೇಲೆ. ಬದಲಿಸುವಾಗ ಪ್ರೆಸ್ ಯಂತ್ರದಲ್ಲೇ ಒತ್ತಿ ಕೂರಿಸುವವರ ಬಳಿ ಹೋಗಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಹೊಸ ಬೇರಿಂಗ್ ಮುಂದಿನ ಮಳೆಗಾಲ ಕಾಣುವುದು ಕಷ್ಟ.